ಸಂಬಳದ ಚೀಟಿ ಮತ್ತು ಹಾಸ್ಟೆಲ್ಲಿನ ಟ್ರಂಕು

ಕುರೆಕುಪ್ಪದ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವುದು ಅಪರೂಪ. ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿಗೆ ಅಂಟಿಕೊಂಡಂತೆ ಇರುವ ಈ ಊರು ಒಂದು ಕಾಲಕ್ಕೆ ಮಳೆ ನಂಬಿ ಬೇಸಾಯ ಮಾಡಿಕೊಂಡಿದ್ದ ಹಳ್ಳಿ. 1990ರ ದಶಕದಲ್ಲಿ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ ಎದ್ದಿತು. ಹೊಲ ಹೋಯಿತು, ಕೂಲಿ ಬಂತು, ಎಲ್ಲೆಲ್ಲಿಯೋ ಇದ್ದ ಜನ ಬಂದರು. ಇಂದು ಕುರೆಕುಪ್ಪ ಒಂದು ಪುರಸಭೆ. ಇಲ್ಲಿನ ಮನೆಗಳ ದಿನಚರಿ ಸೂರ್ಯನನ್ನು ನೋಡಿ ನಡೆಯುವುದಿಲ್ಲ, ಕಾರ್ಖಾನೆಯ ಪಾಳಿಯನ್ನು ನೋಡಿ ನಡೆಯುತ್ತದೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಡಬೇಕು. ಅವರು ಓದಲು ಕೂರುವ ಹೊತ್ತಿಗೆ ಅಪ್ಪ ಕೆಲಸಕ್ಕೆ ಹೊರಡಬೇಕು. ಮನೆ ಮುಂದೆ ಅದಿರಿನ ಲಾರಿ, ಮನೆ ಒಳಗೆ ಕೆಂಪು ಧೂಳು.

ಇಂಥ ಮನೆಗಳಲ್ಲಿ ಮಗು ನಾಲ್ಕನೇ ಇಯತ್ತೆಗೋ ಐದನೇ ಇಯತ್ತೆಗೋ ಬರುವ ಹೊತ್ತಿಗೆ ಒಂದು ಮಾತು ಏಳುತ್ತದೆ: “ಹುಡುಗನ್ನ ಹಾಸ್ಟೆಲ್ ಸಾಲಿಗೆ ಹಾಕಾಣ.” ಮಾತು ಎದ್ದಷ್ಟೇ ಬೇಗ ಕೂತುಬಿಡುತ್ತದೆ. ಕಾರಣ ಎಲ್ಲರಿಗೂ ಗೊತ್ತಿರುವುದೇ: ಫೀ.

ವಸತಿ ಶಾಲೆ ಈ ಸೀಮೆಗೆ ಹೊಸದೇನಲ್ಲ. ಕುರೆಕುಪ್ಪದಿಂದ ಬಸ್ಸಿನಲ್ಲಿ ಗಂಟೆಯ ದಾರಿಯಾಚೆ, ಸಂಡೂರಿನ ಗುಡ್ಡಗಳ ನಡುವೆ 1959ರಷ್ಟು ಹಿಂದೆಯೇ ಸಂಡೂರು ವಸತಿ ಶಾಲೆ ಆರಂಭವಾಯಿತು. ಅದನ್ನು ಕಟ್ಟಿದವರು ಅಲ್ಲಿನ ರಾಜಮನೆತನದ ಎಂ.ವೈ. ಘೋರ್ಪಡೆ, ಮುಂದೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾದವರು. ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಸುತ್ತ ಈಗ ಖಾಸಗಿ ವಸತಿ ಶಾಲೆಗಳ ಫಲಕಗಳಿಗೆ ಬರವಿಲ್ಲ. ಬರ ಇರುವುದು ಇನ್ನೊಂದು ಸಂಗತಿಗೆ. ಫಲಕದಲ್ಲಿ ಬರೆದ ಫೀಯೇ ಕೊನೆಯ ಮಾತಲ್ಲದ ಶಾಲೆಗಳೂ ಇವೆ, ಕುಟುಂಬದ ಕೈಲಾಗುವಷ್ಟು ಕಟ್ಟಿಸಿಕೊಂಡು ಉಳಿದದ್ದನ್ನು ತಾವೇ ಹೊರುವ ಪದ್ಧತಿ ಲೋಕದಲ್ಲಿದೆ ಎಂಬುದು ಪಾಳಿ ಕೆಲಸದ ತಂದೆಗೆ ಯಾರೂ ಹೇಳುವುದಿಲ್ಲ. ಗೊತ್ತಿರುವುದು ಯಾರಿಗೆ? ಕೇಳಿ ಅಭ್ಯಾಸ ಇರುವವರಿಗೆ. ಅವರಿಗೆ ಅದರ ಅಗತ್ಯ ಅಷ್ಟಾಗಿ ಇರುವುದಿಲ್ಲ ಎನ್ನುವುದು ಬೇರೆ ಮಾತು.

ಅಂಕಕ್ಕೆ ಒಂದು, ಅಗತ್ಯಕ್ಕೆ ಒಂದು

ನಮ್ಮಲ್ಲಿ ‘ಸ್ಕಾಲರ್‌ಶಿಪ್’ ಎಂದ ಕೂಡಲೇ ಅಂಕಪಟ್ಟಿ ನೆನಪಾಗುತ್ತದೆ. ತೊಂಬತ್ತಕ್ಕೆ ಮೇಲೆ ತೆಗೆದವನಿಗೆ ಬಹುಮಾನ; ಅವನ ತಂದೆ ಗಣಿಯ ಮಾಲೀಕನಾದರೂ ಸರಿ, ಗಣಿಯ ಕೂಲಿಯಾದರೂ ಸರಿ. ಇದು ಪ್ರತಿಭೆಗೆ ಕೊಡುವ ಹಣ. ಅಗತ್ಯ ನೋಡಿ ಕೊಡುವ ನೆರವಿನ ಲೆಕ್ಕವೇ ಬೇರೆ. ಅಲ್ಲಿ ಮಗುವಿಗೆ ಪ್ರವೇಶ ಸಿಗುವುದು ಎಲ್ಲರಂತೆ ಪರೀಕ್ಷೆ, ಸಂದರ್ಶನಗಳಿಂದ. ಆ ಬಳಿಕ ಇನ್ನೊಂದು ಪ್ರಶ್ನೆ: ಈ ಮನೆ ವರ್ಷಕ್ಕೆ ಎಷ್ಟು ಕೊಡಬಲ್ಲದು? ಶಾಲೆಯ ಒಟ್ಟು ವೆಚ್ಚದಿಂದ ಆ ಮೊತ್ತವನ್ನು ಕಳೆದರೆ ಉಳಿಯುವುದೇ ‘ಅಗತ್ಯ’. ಆ ಉಳಿಕೆಯನ್ನು ಪೂರ್ತಿಯಾಗಿಯೋ ಭಾಗಶಃವೋ ಶಾಲೆ ಬಿಟ್ಟುಕೊಡುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡಬಹುದು. ಕುರೆಕುಪ್ಪದಲ್ಲಿ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ತಂದೆ ಗುತ್ತಿಗೆ ಕಾರ್ಮಿಕ, ತಿಂಗಳಿಗೆ ರೂ. 22,000. ತಾಯಿ ಹೊಲಿಗೆಯಿಂದ ತಿಂಗಳಿಗೆ 3,000 ದುಡಿಯುತ್ತಾಳೆ. ವರ್ಷಕ್ಕೆ ಮೂರು ಲಕ್ಷ ಆಯಿತು. ಮನೆ ಬಾಡಿಗೆ 60,000. ದಿನಸಿ, ಗ್ಯಾಸು, ಕರೆಂಟು, ಬಟ್ಟೆಬರೆ ಎಲ್ಲ ಸೇರಿ 1,08,000. ಅಜ್ಜನ ಔಷಧಿಗೆ 18,000. ಅಕ್ಕನ ಮದುವೆಗೆ ಮಾಡಿದ ಸಾಲದ ಕಂತು 36,000. ಕಿರಿಯ ಮಗಳ ಶಾಲೆಗೆ 20,000. ಉಳಿಯುವುದು 58,000. ಹಬ್ಬ, ಜ್ವರ, ಊರಿಗೆ ಹೋಗಿಬರುವ ಖರ್ಚು ಎಂದು 18,000 ತೆಗೆದಿಟ್ಟರೆ 40,000. ಇಲ್ಲಿ ಶಾಲೆಯ ಗುಮಾಸ್ತರು ಇನ್ನೊಂದು ಸಾಲು ಸೇರಿಸಬಹುದು: ಹುಡುಗ ವರ್ಷದ ಬಹುಪಾಲು ಹಾಸ್ಟೆಲ್ಲಿನಲ್ಲಿ ಉಣ್ಣುವುದರಿಂದ ಮನೆಯಲ್ಲಿ ಒಂದು ತಟ್ಟೆಯ ಖರ್ಚು ಉಳಿಯಿತಲ್ಲ? ಅದನ್ನು 12,000 ಎಂದು ಹಿಡಿದರೆ ಕುಟುಂಬದ ಕೈಲಾಗುವುದು 52,000. ಊಟ, ವಸತಿ, ಪಾಠ ಸೇರಿ ಶಾಲೆಯ ಫೀ 1,60,000 ಎಂದಾದರೆ ನೆರವು 1,08,000.

ಅಂಕಿಗಳೆಲ್ಲ ಉದಾಹರಣೆಗೆ ಹಿಡಿದವು. ಲೆಕ್ಕದ ದಾರಿ ಮಾತ್ರ ಇದೇ. ಇದರಲ್ಲಿ ಗಮನಿಸಬೇಕಾದದ್ದು, ಸಂಬಳ ಒಂದನ್ನೇ ನೋಡಿ ಯಾರೂ ತೀರ್ಮಾನಕ್ಕೆ ಬರುವುದಿಲ್ಲ. ಅದೇ 25,000ದ ಇನ್ನೊಂದು ಮನೆಯಲ್ಲಿ ಸ್ವಂತ ಸೂರು ಇದ್ದು, ಸಾಲ ಇಲ್ಲದೆ, ಒಂದೇ ಮಗುವಿದ್ದರೆ ನೆರವು ಪೂರ್ತಿ ಕರಗಿಹೋದೀತು. ಹೊಲ, ಸೈಟು, ಒಡವೆ, ವಾಹನ ಇವೆಲ್ಲ ಅರ್ಜಿಯಲ್ಲಿ ಬರೆಯಬೇಕಾದ ಸಂಗತಿಗಳು. ಮನೆ ಗುಟ್ಟನ್ನೆಲ್ಲ ಶಾಲೆಗೆ ಬರೆದುಕೊಡುವುದೇ ಎಂದು ಹಿಂಜರಿಯುವವರು ಇದ್ದಾರೆ, ಹಿಂಜರಿಕೆ ಸಹಜವೂ ಹೌದು. ವರ್ಷ ವರ್ಷವೂ ಈ ಪರಿಶೀಲನೆ ಮತ್ತೆ ನಡೆಯುತ್ತದೆ. ಸಂಬಳ ಏರಿದರೆ ನೆರವು ಇಳಿಯುತ್ತದೆ, ಕೆಲಸ ಹೋದರೆ ಏರುತ್ತದೆ.

ಈ ಹಣ ಎಲ್ಲಿಂದ ಬರುತ್ತದೆ? ಮೊದಲ ಮೂಲ, ಪೂರ್ತಿ ಫೀ ಕಟ್ಟುವ ಇತರ ತಂದೆತಾಯಿಯರು. ನೂರು ಹಾಸಿಗೆಯ ಹಾಸ್ಟೆಲ್ಲಿನಲ್ಲಿ ತೊಂಬತ್ತು ಹಾಸಿಗೆಯ ಹಣ ಬಂದು, ಹತ್ತು ಹಾಸಿಗೆ ಖಾಲಿ ಉಳಿದರೆ ವಾರ್ಡನ್ನಿನ ಸಂಬಳವೇನೂ ಕಡಿಮೆ ಆಗುವುದಿಲ್ಲ. ಆ ಹತ್ತನ್ನು ಅರ್ಧ ಫೀಗೆ ಕೊಟ್ಟರೆ ಶಾಲೆಗೆ ಆಗುವ ನಿಜವಾದ ಹೆಚ್ಚುವರಿ ಖರ್ಚು ಅನ್ನ, ಪುಸ್ತಕಗಳದ್ದು ಮಾತ್ರ. ಎರಡನೆಯದು ಹಳೆ ವಿದ್ಯಾರ್ಥಿಗಳು ಇಟ್ಟ ದತ್ತಿನಿಧಿಯ ಬಡ್ಡಿ. ಮೂರನೆಯದು ಕಂಪನಿಗಳ ಹಣ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಚಿಮಣಿಯ ನೆರಳಿನಲ್ಲೇ ಇರುವ ಊರಿನವರಿಗೆ ಈ ಮೂರನೆಯ ಬಾಗಿಲು ಇದೆಯೆಂದು ತಿಳಿದಿರುವುದು ಒಳ್ಳೆಯದು.

ಈಟನ್ನಿನ ಎಪ್ಪತ್ತು ಹುಡುಗರು

ಈ ಪದ್ಧತಿ ಹಳೆಯದು. ಶ್ರೀಮಂತರ ಶಾಲೆ ಎಂದರೆ ಇದೇ ಎನ್ನುವಂತಿರುವ ಇಂಗ್ಲೆಂಡಿನ ಈಟನ್, 1440ರಲ್ಲಿ ಆರನೆಯ ಹೆನ್ರಿ ದೊರೆ ಎಪ್ಪತ್ತು ಬಡ ಹುಡುಗರನ್ನು ಉಚಿತವಾಗಿ ಓದಿಸಲೆಂದು ಕಟ್ಟಿಸಿದ ಶಾಲೆ. ಕಾಸು ಕೊಟ್ಟು ಓದುವವರು ಆಮೇಲೆ ಹೆಚ್ಚಿಕೊಂಡು ಊರನ್ನೇ ತುಂಬಿದರು. ಅಮೆರಿಕದ ಫಿಲಿಪ್ಸ್ ಅಕಾಡೆಮಿ ಆಂಡೋವರ್ ಎಂಬ ವಸತಿ ಶಾಲೆ 2007ರಲ್ಲಿ, ಪ್ರವೇಶ ಕೊಡುವಾಗ ತಂದೆತಾಯಿಯ ಹಣದ ಸ್ಥಿತಿಯನ್ನು ನೋಡುವುದೇ ಇಲ್ಲ, ಪ್ರವೇಶ ಕೊಟ್ಟ ಮೇಲೆ ಎಷ್ಟು ಕೊರತೆ ಬೀಳುತ್ತದೋ ಅಷ್ಟನ್ನೂ ತುಂಬುತ್ತೇವೆ ಎಂಬ ನಿಯಮಕ್ಕೆ ಬಂತು. ಅದರ ಹಿಂದೆ ಇರುವುದು ತಲೆಮಾರುಗಳಿಂದ ಕೂಡಿಟ್ಟ ದತ್ತಿ. ದತ್ತಿ ಇಲ್ಲದ ಶಾಲೆಗಳಿಗೆ ಅಲ್ಲಿಯೂ ಈ ಧೈರ್ಯ ಇಲ್ಲ. ನೆರವಿನ ಹಣ ಮುಗಿದ ಮೇಲೆ ಬಂದ ಜಾಣ ಹುಡುಗನನ್ನು ಅವೂ ವಾಪಸು ಕಳಿಸುತ್ತವೆ.

ಕೇಳದೆ ಬಡಿಸಿದ ಪಂಕ್ತಿ

ಇದಕ್ಕೆಲ್ಲ ಈಟನ್ನಿನವರೆಗೆ ಹೋಗಬೇಕಿಲ್ಲ. ಕನ್ನಡ ನಾಡಿನಲ್ಲಿ ಬಡ ಹುಡುಗರು ಪರ ಊರಿನಲ್ಲಿ ಓದಿದ ಕಥೆ ಬಹುಮಟ್ಟಿಗೆ ಅನ್ನದ ಕಥೆ. ಹಳೆ ಮೈಸೂರಿನ ಕಡೆ ವಾರಾನ್ನ ಇತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಏಳು ದಿನಕ್ಕೆ ಏಳು ಹೊಸಿಲು. ಯಾರಾದರೂ ಊರಿಗೆ ಹೋದರೆ ಆ ವಾರ ಉಪವಾಸ. ಉತ್ತರದ ಕಡೆ ಮಠಗಳ ಹುಡುಗರು ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೋಗುತ್ತಿದ್ದರು. ಇದರ ಮುಂದುವರಿಕೆಯಾಗಿಯೇ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಚಿತ ಪ್ರಸಾದ ನಿಲಯಗಳು ಎದ್ದವು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ, ಆಮೇಲೆ ಸುತ್ತೂರು, ಸಿರಿಗೆರೆ ಹೀಗೆ ಪಟ್ಟಿ ಬೆಳೆಯುತ್ತದೆ.

ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ 1941ರಿಂದ, 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ವಸತಿ, ಪಾಠ. ಕುರೆಕುಪ್ಪಕ್ಕೆ ಅದಕ್ಕಿಂತ ಹತ್ತಿರದ್ದು ಕೊಪ್ಪಳದ ಗವಿಮಠ. ಅಲ್ಲಿ 2022ರಲ್ಲಿ ಐದು ಸಾವಿರ ಮಕ್ಕಳ ವಸತಿ ನಿಲಯಕ್ಕೆ ಅಡಿಗಲ್ಲು ಬಿತ್ತು.

ನೆರವಿನ ಲೆಕ್ಕಾಚಾರ ಗೊತ್ತಿರುವವರು ಮಠದ ಪಂಕ್ತಿಯನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿ ಸಂಬಳದ ಚೀಟಿಯ ಲೆಕ್ಕದ ಮೇಲೆ ತಟ್ಟೆಗೆ ಅನ್ನ ಬೀಳುವುದಿಲ್ಲ. ಆದರೂ ಉಳ್ಳವರು ಬಂದು ಪಂಕ್ತಿ ತುಂಬಿಸುವುದಿಲ್ಲ. ಏಕೆಂದರೆ ನೆಲದ ಮೇಲೆ ಸಾಲಾಗಿ ಮಲಗುವುದು, ಬೆಳಗಿನ ಜಾವ ಪ್ರಾರ್ಥನೆಗೆ ಏಳುವುದು, ಕಂಬಳಿ ತಾನೇ ಒಗೆದುಕೊಳ್ಳುವುದು ಇವೆಲ್ಲ ಗೊತ್ತಿದ್ದೂ ಮಗುವನ್ನು ಕರೆತಂದು ನಿಲ್ಲಿಸುವವರಿಗೆ ಬೇರೆ ದಾರಿ ಇರುವುದಿಲ್ಲ. ಬಂದು ನಿಂತದ್ದೇ ಅಗತ್ಯದ ದಾಖಲೆ. ಎಲ್ಲರೂ ಉಚಿತ ಎಂದ ಮೇಲೆ ಅವನು ಪುಕ್ಕಟೆ ಹುಡುಗ, ಇವನು ಫೀ ಹುಡುಗ ಎಂಬ ಮಾತೂ ಹುಟ್ಟುವುದಿಲ್ಲ. ಇದರ ಮಿತಿ ಬೇರೆ ಕಡೆ ಇದೆ. ಅನ್ನಕ್ಕೆ ಭಕ್ತರು ದವಸ ತಂದು ಸುರಿಯುತ್ತಾರೆ; ಪ್ರಯೋಗಾಲಯಕ್ಕೆ, ಒಬ್ಬೊಬ್ಬ ಹುಡುಗನ ಇಂಗ್ಲಿಷನ್ನು ತಿದ್ದುವ ಮೇಷ್ಟ್ರಿಗೆ ಅಷ್ಟು ಸುಲಭವಾಗಿ ಕೊಡುವವರು ಸಿಗುವುದಿಲ್ಲ. ಖಾಸಗಿ ವಸತಿ ಶಾಲೆ ಮಾರುವುದು ಅದನ್ನೇ.

ಹದಿನಾಲ್ಕು ಸಾವಿರದ ಕಂದಕ

ಮಠಕ್ಕೂ ಖಾಸಗಿ ಶಾಲೆಗೂ ನಡುವೆ ಸರ್ಕಾರ ನಿಂತಿದೆ. ಕೇಂದ್ರದ ‘ಶ್ರೇಷ್ಠ’ ಎಂಬ ಯೋಜನೆಯಲ್ಲಿ ಪರಿಶಿಷ್ಟ ಜಾತಿಯ ಸುಮಾರು ಮೂರು ಸಾವಿರ ಮಕ್ಕಳನ್ನು ವರ್ಷಕ್ಕೆ ಪರೀಕ್ಷೆಯ ಮೂಲಕ ಆಯ್ದು, ಒಂಬತ್ತು ಮತ್ತು ಹನ್ನೊಂದನೇ ತರಗತಿಗೆ ಖಾಸಗಿ ವಸತಿ ಶಾಲೆಗಳಿಗೆ ಕಳಿಸುವ ಏರ್ಪಾಡು ಮಾಡಲಾಯಿತು. ಒಂಬತ್ತಕ್ಕೆ ಒಂದು ಲಕ್ಷ, ಹತ್ತಕ್ಕೆ 1.10 ಲಕ್ಷ, ಹನ್ನೊಂದಕ್ಕೆ 1.25 ಲಕ್ಷ, ಹನ್ನೆರಡಕ್ಕೆ 1.35 ಲಕ್ಷ ರೂಪಾಯಿಯವರೆಗೆ ಸರ್ಕಾರವೇ ಕಟ್ಟುತ್ತದೆ ಎಂಬುದು ಅದರ ನಿಯಮ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯೂ ಪ್ರತಿಭಾವಂತ ಮಕ್ಕಳನ್ನು ‘ಪ್ರತಿಷ್ಠಿತ ಶಾಲೆ’ಗಳಿಗೆ ಸೇರಿಸುವ ಯೋಜನೆ ನಡೆಸಿಕೊಂಡು ಬಂದಿದೆ. ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ‘ಶ್ರೇಷ್ಠ’ಕ್ಕೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ಮೀರಬಾರದು. ತಿಂಗಳಿಗೆ ಹಾಕಿದರೆ 20,833 ರೂಪಾಯಿ.

ಮೇಲಿನ ಉದಾಹರಣೆಯ ತಂದೆಗೆ ಮರಳಿ ಬರಬಹುದು. ಅವನ 22,000 ಬ್ಯಾಂಕಿಗೆ ಬೀಳುತ್ತದೆ, ಪಿ.ಎಫ್. ಕಡಿದ ಚೀಟಿ ಕೈಗೆ ಬರುತ್ತದೆ. ಹೆಂಡತಿಯ ಹೊಲಿಗೆಯ ಹಣ ಬಿಟ್ಟರೂ ವರ್ಷಕ್ಕೆ 2,64,000. ಮಿತಿಗಿಂತ 14,000 ಹೆಚ್ಚು. ಅವನು ಪರಿಶಿಷ್ಟ ಜಾತಿಯವನೇ ಆಗಿ, ಮಗಳು ಎಷ್ಟೇ ಜಾಣೆಯಾದರೂ ಆ 14,000 ರೂಪಾಯಿಗೆ ಒಂದು ಲಕ್ಷದ ನೆರವು ಪೂರ್ತಿಯಾಗಿ ಕೈ ಬಿಡುತ್ತದೆ. ಹೆಚ್ಚು ಪಾಳಿ ದುಡಿದ ತಪ್ಪಿಗೆ! ಅದೇ ಬೀದಿಯಲ್ಲಿ ಎರಡು ಟಿಪ್ಪರ್ ಓಡಿಸುವವರ, ಬಡ್ಡಿ ವ್ಯವಹಾರ ಮಾಡುವವರ ಆದಾಯ ಯಾವ ಚೀಟಿಯಲ್ಲೂ ಬರುವುದಿಲ್ಲ. ನಾಡಕಚೇರಿಯಲ್ಲಿ ಅವರ ಹೆಸರಿಗೆ ಸಣ್ಣ ಅಂಕಿಯ ಆದಾಯ ಪ್ರಮಾಣಪತ್ರ ಹುಟ್ಟುವುದು ಅಸಾಧ್ಯವೇನಲ್ಲ ಎಂಬುದು ಹಳ್ಳಿಯಲ್ಲಿ ಬಾಳಿದವರಿಗೆಲ್ಲ ತಿಳಿದದ್ದು. ಜೊತೆಗೆ ಆ ಪತ್ರ ಐದು ವರ್ಷ ನಡೆಯುತ್ತದೆ. ಕುಟುಂಬದ ಕಷ್ಟ ಐದು ವರ್ಷ ಒಂದೇ ಸಮ ನಿಲ್ಲುವುದುಂಟೇ? ಗುತ್ತಿಗೆ ಬದಲಾದ ತಿಂಗಳೇ ಸಂಬಳ ನಿಲ್ಲುತ್ತದೆ.

ಗೋಡೆಯಂಥ ಈ ಮಿತಿಗೆ ಬದಲು ಮೆಟ್ಟಿಲು ಇಡುವ ಉದಾಹರಣೆ ನಮ್ಮಲ್ಲೇ ಇದೆ. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆಯಂಥ ಕಡೆ ಪೋಷಕರ ಆದಾಯವನ್ನು ಹಂತಗಳಾಗಿ ಒಡೆದು, ಆದಾಯ ಏರಿದಂತೆ ವಿದ್ಯಾರ್ಥಿವೇತನ ಇಳಿಯುವ ಪದ್ಧತಿ ಇದೆ. ಈಚಿನ ವರ್ಷಗಳಲ್ಲಿ ಖಾಸಗಿ ಶಾಲೆಗಳ ಸಹಭಾಗಿತ್ವದಲ್ಲಿ ತೆರೆದ ಹೊಸ ಸೈನಿಕ ಶಾಲೆಗಳಲ್ಲಿ ತರಗತಿಯ ಅರ್ಧದಷ್ಟು ಮಕ್ಕಳಿಗೆ, ಅರ್ಹತೆ ಮತ್ತು ಆದಾಯ ಎರಡನ್ನೂ ನೋಡಿ, ಫೀಯ ಅರ್ಧ ಭಾಗವನ್ನು (ವರ್ಷಕ್ಕೆ 40,000 ಮೀರದಂತೆ) ಕೇಂದ್ರ ಕೊಡುವ ನಿಯಮ ಇದೆ. ಉಳಿದರ್ಧದ ಗತಿ ಏನು ಎಂದು ಕೇಳಿದರೆ ಉತ್ತರ ಮತ್ತೆ ತಂದೆಯ ಕಿಸೆಗೇ ಬರುತ್ತದೆ.

ಆರ್.ಟಿ.ಇ. ಸೀಟು ಸಿಗುವುದಿಲ್ಲವೇ ಎಂಬ ಪ್ರಶ್ನೆ ಅನೇಕರದ್ದು. 2009ರ ಆ ಕಾಯ್ದೆಯ ಶೇ. 25ರ ಮೀಸಲು ನೆರೆಹೊರೆಯ ಹಗಲು ಶಾಲೆಯ ಲೆಕ್ಕದ್ದು, ಒಂದನೇ ತರಗತಿಯಿಂದ ಹಿಡಿಯುವಂಥದ್ದು. 2012ರ ಏಪ್ರಿಲ್ 12ರ ತೀರ್ಪಿನಲ್ಲಿ ಕಾಯ್ದೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು ವಸತಿ ಶಾಲೆಗಳ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಬರಲಿ ಎಂದಿತು. ಕರ್ನಾಟಕದಲ್ಲಿ 2019ರಿಂದ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟಿಲ್ಲ ಎಂಬ ನಿಯಮ ಬಂದು ಹಗಲು ಶಾಲೆಯ ಬಾಗಿಲೂ ಕಿರಿದಾಯಿತು. ಆರನೇ ತರಗತಿಗೆ ಹಾಸ್ಟೆಲ್ ಹುಡುಕುವವರಿಗೆ ಈ ಕಾಯ್ದೆ ಕೈಗೆಟುಕುವಂಥದ್ದಲ್ಲ.

ಬೇಡುವುದಲ್ಲ, ಕೇಳುವುದು

ಫೀ ಕಡಿಮೆ ಮಾಡಿ ಎಂದು ಕೇಳುವುದು ನಮ್ಮವರಿಗೆ ಬೇಡಿದಂತೆ ಅನಿಸುತ್ತದೆ. ಒಂದು ವಿಚಾರ ತಿಳಿದಿದ್ದರೆ ನಾಲಗೆ ಸ್ವಲ್ಪ ಸಡಿಲವಾದೀತು. ನಮ್ಮ ದೇಶದಲ್ಲಿ ಶಾಲೆಯನ್ನು ಲಾಭದ ಅಂಗಡಿಯಾಗಿ ನಡೆಸಲು ಕಾನೂನು ಒಪ್ಪುವುದಿಲ್ಲ. ಖಾಸಗಿ ಶಾಲೆಯ ಹಿಂದೆ ಸಾಮಾನ್ಯವಾಗಿ ಒಂದು ಟ್ರಸ್ಟೋ ಸಂಘವೋ ಇರುತ್ತದೆ. ಧರ್ಮಾರ್ಥ ಉದ್ದೇಶ ಎಂಬ ಹೆಸರಿನಲ್ಲಿ ತೆರಿಗೆಯ ವಿನಾಯಿತಿಗೂ ದಾರಿ ಇರುತ್ತದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು, ಸಂಸ್ಥೆಯ ಬೆಳವಣಿಗೆಗೆ ತಕ್ಕಷ್ಟು ಮಿಗತೆ ಇರಬಹುದು, ಲಾಭಕೋರತನ ಕೂಡದು ಎಂದು ಹೇಳಿತು. ಧರ್ಮದ ಹೆಸರಿನಲ್ಲಿ ನಡೆಯುವ ಸಂಸ್ಥೆಯನ್ನು ‘ನಿಮ್ಮಲ್ಲಿ ರಿಯಾಯಿತಿ ಉಂಟೇ’ ಎಂದು ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೇಳುವುದನ್ನು ಸರಿಯಾಗಿ ಕೇಳಬೇಕು. ರಿಯಾಯಿತಿ ಪಾಠದ ಫೀಗೆ ಮಾತ್ರವೋ, ಊಟ ಮತ್ತು ವಸತಿಗೂ ಉಂಟೋ? ವಸತಿ ಶಾಲೆಯಲ್ಲಿ ಭಾರ ಇರುವುದು ಎರಡನೆಯದರಲ್ಲಿ. ಒಂದು ವರ್ಷಕ್ಕೋ, ಹತ್ತನೆಯವರೆಗೋ? ಮೊದಲ ವರ್ಷ ಅರ್ಧ ಫೀ ಎಂದು ಸೇರಿಸಿ, ಎಂಟನೆಯದಕ್ಕೆ ಬಂದಾಗ ಪೂರ್ತಿ ಕಟ್ಟಿ ಎಂದರೆ ಮಗು ನಡುನೀರಿನಲ್ಲಿ ನಿಲ್ಲುತ್ತದೆ. ಅಂಕ ಇಳಿದರೆ ನೆರವು ನಿಲ್ಲುವುದೋ? ಕೊಡುವ ಮಾತನ್ನು ಬರೆದು ಕೊಡುವರೋ?

ಯಾವ ರಿಯಾಯಿತಿಯ ಕಾಗದದಲ್ಲೂ ಬರದ ಖರ್ಚುಗಳು ಇನ್ನೂ ಇವೆ. ಬೀಗದ ಟ್ರಂಕು, ಎರಡು ಜೊತೆ ಬೂಟು, ಕ್ರೀಡೆಗೆ ಬೇರೆ ಬಟ್ಟೆ, ಹಾಸಿಗೆ, ಸ್ವೆಟರು, ಡಿಪಾಜಿಟ್ಟು. ದಸರೆಗೆ ಒಮ್ಮೆ, ಬೇಸಿಗೆಗೆ ಒಮ್ಮೆ ಕರೆತರಲು ಹೋಗುವ ತಂದೆಗೆ ಬಸ್ ಚಾರ್ಜಿನ ಜೊತೆ ಎರಡು ದಿನದ ಕೂಲಿಯೂ ಖೋತಾ. ಶಾಲೆ ಪ್ರವಾಸ ಎಂದು ಹಂಪಿಗೋ ಮೈಸೂರಿಗೋ ಹೊರಟಾಗ ‘ನನಗೆ ಬೇಡ ಸರ್’ ಎಂದು ಹಿಂದೆ ಉಳಿಯುವ ಹುಡುಗ ಯಾರು ಎಂದು ಗೆಳೆಯರು ಎರಡನೇ ಸಲಕ್ಕೇ ಗುರುತಿಸಿಬಿಡುತ್ತಾರೆ. ಈ ಕೆಲಸದಲ್ಲಿ ಪಳಗಿದ ಶಾಲೆಗಳು ಎರಡು ಎಚ್ಚರ ವಹಿಸುತ್ತವೆ. ಯಾರಿಗೆ ಎಷ್ಟು ಬಿಟ್ಟಿದೆ ಎಂಬುದನ್ನು ತರಗತಿಯ ಮೇಷ್ಟ್ರಿಗೂ ತಿಳಿಸುವುದಿಲ್ಲ. ಟ್ರಂಕಿನಿಂದ ಪ್ರವಾಸದವರೆಗಿನ ಸಣ್ಣ ಖರ್ಚನ್ನೂ ನೆರವಿನೊಳಗೇ ಸೇರಿಸುತ್ತವೆ. ವಾರ್ಷಿಕೋತ್ಸವದ ವೇದಿಕೆಗೆ ಕರೆದು, ದಾನಿಗಳ ಪಕ್ಕ ನಿಲ್ಲಿಸಿ, ‘ಇವನು ನಮ್ಮ ಬಡ ವಿದ್ಯಾರ್ಥಿ’ ಎಂದು ಫೋಟೊ ತೆಗೆಸುವ ಶಾಲೆಗಳೂ ಇಲ್ಲದಿಲ್ಲ. ಅಂಥ ಕಡೆ ಫೀ ಎಷ್ಟೇ ಕಡಿಮೆಯಾದರೂ ಹುಡುಗ ಬೇರೆ ನಾಣ್ಯದಲ್ಲಿ ಕಟ್ಟುತ್ತಲೇ ಇರುತ್ತಾನೆ.

ಇನ್ನು ಕಾಲದ ಮಾತು. ನಮ್ಮ ಊರುಗಳಲ್ಲಿ ಶಾಲೆಯ ಯೋಚನೆ ಬರುವುದು ಮೇ ಕಳೆದು ಮಳೆ ಹನಿದ ಮೇಲೆ. ವಸತಿ ಶಾಲೆಗಳ ಲೆಕ್ಕ ಅದಕ್ಕಿಂತ ಬಹಳ ಮುಂಚೆ ಶುರುವಾಗುತ್ತದೆ. ವರ್ಷಕ್ಕೆ ಇಷ್ಟು ಎಂದು ಶಾಲೆ ತೆಗೆದಿಟ್ಟ ರಿಯಾಯಿತಿಯ ಹಣ ಮೊದಲು ಬಂದವರಿಗೆ ಹಂಚಿ ಹೋದ ಮೇಲೆ, ಜೂನ್‌ನಲ್ಲಿ ಬಂದ ಅರ್ಜಿ ಎಷ್ಟೇ ನ್ಯಾಯವಾದದ್ದಾದರೂ ಕಡತಕ್ಕೆ ಸೇರುತ್ತದೆ. ಆದ್ದರಿಂದ ಮಗು ಐದನೇ ತರಗತಿಗೆ ಕಾಲಿಟ್ಟಾಗಲೇ ಜಾತಿ, ಆದಾಯದ ಪತ್ರಗಳನ್ನು ಮಾಡಿಸಿಟ್ಟು, ಒಂದು ಖಾಸಗಿ ಶಾಲೆಗೆ ಅರ್ಜಿ ಹಾಕುವಾಗಲೇ ಪಕ್ಕದಲ್ಲಿ ಸರ್ಕಾರದ ಎರಡು ಬಾಗಿಲುಗಳನ್ನೂ ತಟ್ಟುವುದು ಬುದ್ಧಿವಂತರ ರೂಢಿ. ಒಂದು, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ರಾಜ್ಯದ ವಸತಿ ಶಾಲೆಗಳು. ಇನ್ನೊಂದು, 1986ರಲ್ಲಿ ಆರಂಭವಾದ ನವೋದಯ. ಈ ಭಾಗದ್ದು ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿದೆ. ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ. ಇಲ್ಲಿ ಕುರೆಕುಪ್ಪದವರು ಒಂದು ಸಂಗತಿ ವಿಚಾರಿಸಿಕೊಳ್ಳಬೇಕು: ಊರು ಪುರಸಭೆಯಾದ ಮೇಲೆ ಮಗು ಯಾವ ಶಾಲೆಯಲ್ಲಿ ಓದಿದೆ ಎಂಬುದರ ಮೇಲೆ ಗ್ರಾಮೀಣ, ನಗರ ಎಂಬ ವಿಂಗಡಣೆ ಆಗುತ್ತದೆ. ಪ್ರವೇಶ ಪರೀಕ್ಷೆ ಬರೆಯುವುದು ಐದನೇ ತರಗತಿಯಲ್ಲಿ ಓದುತ್ತಿರುವಾಗ, ಅರ್ಜಿ ಅದಕ್ಕೂ ತಿಂಗಳುಗಳ ಮೊದಲು. ಒಬ್ಬ ವಿದ್ಯಾರ್ಥಿ ಅದನ್ನು ಒಂದೇ ಸಲ ಬರೆಯಬಹುದು.